ಪಾರವ್ವನ ಪಾಲಿನ ರೊಟ್ಟಿ

ನಾ ಹುಟ್ಟಾ ದಪ್ಪ ಇದ್ದಾಕಿ ಅಲ್ಲ. ಇದನ್ನ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ತುಕ್ಕಾನಟ್ಟಿಯೊಳಗ ಇನ್ನೂ ಒಂದಿಬ್ಬರು ಮುದುಕ್ಯಾರು ಉಳದಾರ, ಸಾವಂತ್ರೆವ್ವ ನಡದು ಬಂದ್ರ ಅಂಗಳಾ ನಡಗತಿತ್ತು ಅಂತ ಹೇಳಿ ನಗ್ತಾರ. ನಗಲಿ. ತವರೂರು ನಿಡಸೋಸಿಯಿಂದ ನನ್ನ ಚಕ್ಕಡ್ಯಾಗ ಕುಂಡ್ರಿಸ್ಕೊಂಡು ಬಂದಾಗ ನನಗ ಹದಿನೇಳು ವರ್ಷ. ಕೈ ಎತ್ತಿದ್ರ ಬಳಿ ಮೊಣಕೈ ತನಕಾ ಜಾರತಿದ್ದವು. ಆಮ್ಯಾಲ ಏನಾತು ಅನ್ನೂದು ಆ ಮುದುಕ್ಯಾರಿಗೆ ಗೊತ್ತಿಲ್ಲ.

ನಂದು ಎರಡನೇ ಸಂಬಂಧ. ನಮ್ಮ ಮನಿಯವ್ರ ಮೊದಲ್ನೇ ಹೆಂಡತಿ ಪಾರವ್ವ ಪ್ಲೇಗಿನ್ಯಾಗ ಹೋಗಿದ್ಳು. ಆ ವರ್ಷ ಊರಾಗ ಇಲಿ ಬಿದ್ದು, ಮಂದಿ ಎಲ್ಲಾ ಮನಿಗೆ ಕೀಲಿ ಹಾಕಿ ಹೊಲದಾಗ ಗುಡಸಲಾ ಹಾಕ್ಕೊಂಡು ಕುಂತಿದ್ರಂತ. ಪಾರವ್ವಗ ಅಲ್ಲೇ ಬಗಲಾಗ ಗಡ್ಡಿ ಎದ್ದು, ನಾಕ ದಿನದಾಗ ತೀರಿಕೊಂಡ್ಳು. ಆಕಿ ನಮ್ಮ ಅತ್ತಿ ಶೆಟ್ಟೆವ್ವನ ಖಾಸ ಅಣ್ಣನ ಮಗಳು. ತಾಯಿ ಇಲ್ಲದ ಕೂಸು ಅಂತ ಅತ್ತಿನ ತಂದು ಸಾಕಿ, ದೊಡ್ಡಾಕಿ ಮಾಡಿ, ಮಗಾ ಲಕ್ಕಪ್ಪಗ ತಂದ್ಕೊಂಡಿದ್ಳು.

ನನ್ನ ಲಗ್ನದಾಗ ತಾಳಿ ಕಟ್ಟಿದ ಮ್ಯಾಲ ಅತ್ತಿ ಇನ್ನೊಂದು ದಾರಾ ತಂದು ನನ್ನ ಕೊಳ್ಳಿಗೆ ಕಟ್ಟಿದ್ಳು. ಅದರಾಗ ಒಂದು ಬೆಳ್ಳಿ ಬಿಲ್ಲಿ, ಬಿಲ್ಲಿ ಮ್ಯಾಲ ಹೆಣ್ಣಿನ ಮೂರ್ತಿ. ಸತ್ತ ಸವತಿ ಹೆಸರಿಲೆ ಎರಡನೇದಾಕಿ ಹಂಗ ಹಾಕ್ಕೊಳ್ಳೂದು ನಮ್ಮ ಕಡೆ ಇತ್ತು. ಹಾಕ್ಕೊಳ್ಳದಿದ್ರ ಮೊದಲ್ನಾಕಿ ಬಂದು ಕಾಡ್ತಾಳ ಅಂತಿದ್ರು. ನಮ್ಮ ಚಿಗವ್ವನ ಕೊಳ್ಳಾಗೂ ಒಂದು ನೋಡಿದ್ದೆ, ಹಿಂಗಾಗಿ ಬಿಲ್ಲಿಗೆ ನಾ ಅಂಜಲಿಲ್ಲ. ಅಂಜಿದ್ದು ಉಣ್ಣಾಕ ಕುಂತಾಗ.

ಅತ್ತಿ ನನ್ನ ಗಂಗಾಳಕ್ಕ ಎರಡು ರೊಟ್ಟಿ ಹಾಕಿದ್ಳು, ಪಲ್ಲೆ ಹಾಕಿದ್ಳು. ಆಮ್ಯಾಲ ಅದರ ಬಾಜೂಕ ಮತ್ತ ಎರಡು ರೊಟ್ಟಿ, ಮತ್ತ ಪಲ್ಲೆ, ಮ್ಯಾಲ ಒಂದು ಹಿಡಿ ಬೆಲ್ಲ. "ಇದು ನಿಂದು. ಇದು ನಮ್ಮ ಪಾರವ್ವನ ಪಾಲು" ಅಂದ್ಳು. "ಹಸಕೊಂಡು ಹೋದಾಳ ನನ್ನ ಕೂಸು. ರೊಟ್ಟಿ ಬೇಡಿದ್ಳು. ವೈದ್ಯ ಕೊಡಬ್ಯಾಡ ಅಂದಿದ್ದ, ನಾಳಿ ಕೊಡ್ತೀನಿ ತಡಿ ಅಂದೆ. ನಾಳಿ ಆಕಿಗೆ ಬರಲೇ ಇಲ್ಲ. ಈಗ ನಿನ್ನ ಬಾಯಿಲೆ ಉಣ್ಣಲಿ."

ಹೊಸಾ ಸೊಸಿ ಏನಂತಾಳ್ರಿ? ಉಂಡೆ. ಬಿಡೂ ಹಂಗೂ ಇರಲಿಲ್ಲ. ನಮ್ಮಲ್ಲಿ ಗಂಗಾಳಕ್ಕ ಬಿದ್ದದ್ದು ಪ್ರಸಾದ, ಒಂದು ಅಗಳ ಚೆಲ್ಲಬಾರದು. ಉಂಡ ಮ್ಯಾಲ ಗಂಗಾಳದಾಗ ನೀರು ಹಾಕಿ, ಬೆರಳಿಲೆ ತೊಳದು, ಆ ನೀರು ಸೈತ ಕುಡೀಬೇಕು. ಅತ್ತಿ ಎದುರಿಗೆ ಕುಂತು ನೋಡ್ತಿದ್ಳು. ನನ್ನ ಪಾಲು ಉಣ್ಣೂ ಮುಂದ ಕಣ್ಣು ಬ್ಯಾರೆ ಕಡೆ ಇರ್ತಿತ್ತು. ಪಾರವ್ವನ ಪಾಲಿಗೆ ಕೈ ಹಾಕಿದ್ನೆಂದ್ರ ಆಕೀ ಬಾಯೂ ನನ್ನ ಬಾಯಿ ಕೂಡ ಆಡತಿತ್ತು. ಮುಗದ ಮ್ಯಾಲ ನನ್ನ ಕೊಳ್ಳಾಗಿನ ಬಿಲ್ಲಿ ಒರಸಿ, "ತುಂಬಿತೇನವ್ವಾ?" ಅಂತ ಬಿಲ್ಲಿಗೆ ಕೇಳ್ತಿದ್ಳು.

ಹಿಂಗ ಎರಡು ವರ್ಷ. ದಿನಕ್ಕ ಮೂರು ಸಲ, ಎರಡು ಮಂದಿ ಕೂಳು, ಒಂದ ಹೊಟ್ಟಿ. ಮೊದಲ ಕುಬಸಾ ಹರದವು. ಆಮ್ಯಾಲ ಬಳಿ ಮಣಿಕಟ್ಟಿನ್ಯಾಗ ಸಿಕ್ಕೊಂಡವು, ಬಳಿಗಾರ ಒಡದ ತಗದ. ನೀರಿನ ಕೊಡಾ ಹೊತ್ತು ನಾಕ ಮೆಟ್ಟಲಾ ಏರಿದ್ರ ಎದಿ ಹಾರತಿತ್ತು. ಹಳ್ಳಕ್ಕ ಅರಿವಿ ಒಗ್ಯಾಕ ಹೋದ್ರ ಹೆಣಮಕ್ಕಳು ಬಾಯಿಗೆ ಸೆರಗ ಹಚ್ಚತಿದ್ರು. ಹೋಗೂದ ಬಿಟ್ಟೆ. ತಲಿ ಬಾಚೂದ ಬಿಟ್ಟೆ. ಮುಂಜಾನೆದ್ದು ಗ್ವಾಡಿ ಕಡೆ ಮುಖಾ ಮಾಡಿ ಕುಂತ್ರ ಹೊತ್ತು ಏರಿದ್ದೂ ತಿಳೀತಿರಲಿಲ್ಲ. ಸತ್ರ ಛಲೋ ಅಂತ ಅನಸತಿತ್ತು, ಮುಚ್ಚಿಡೂದೇನೈತಿ. ನಮ್ಮ ಮನಿಯವ್ರು ಕೆಟ್ಟವರಲ್ಲ, ಆದ್ರ ಅವ್ವ ಬಡಿಸಿದ್ದಕ್ಕ ಬ್ಯಾಡ ಅನ್ನೂ ಗಂಡಸಲ್ಲ. ತಮ್ಮ ರೊಟ್ಟಿ ತಾವು ತಿಂದು ಎದ್ದು ಹೋಗ್ತಿದ್ರು.

ಅದಕ್ಕಿಂತ ಅಂಜಿಕಿದು ಏನಂದ್ರ, ನನ್ನ ಬಾಯಿ ರುಚಿ ಬದಲಾತು. ಹುಟ್ಟಿದಾಗಿಂದ ನನಗ ಮೆಂತ್ಯಪಲ್ಲೆ ಕಂಡ್ರ ಆಗೂದಿಲ್ಲ. ಒಂದಿನ ಹೊಲದ ದಂಡ್ಯಾಗ ನಿಂತು ಹಸೀ ಮೆಂತ್ಯ ಹಿಡಿಹಿಡಿ ಹರದು ತಿನ್ನಾಕತ್ತಿದ್ದೆ. ಉಳ್ಳಾಗಡ್ಡಿಗೆ ಬೆಲ್ಲಾ ಹಚ್ಚಿ ತಿಂದೆ. ಅತ್ತಿ ನೋಡಿ ಬಾಯಿ ತೆಗದು ನಕ್ಕಳು, "ನಮ್ಮ ಪಾರಿ ಹಿಂಗ ತಿಂತಿದ್ಳು" ಅಂದ್ಳು. ಮತ್ತ, ಉಂಡು ಎದ್ದ ಗಳಿಗಿಗೇ ಮತ್ತ ಹಸಿವು. ಹೊಟ್ಟಿ ಬಿರಿಯೂ ಹಂಗಿದ್ರೂ ಹಸಿವು. ಆ ಹಸಿವು ಹೊಟ್ಟ್ಯಾಗ ಬರತಿರಲಿಲ್ಲ, ಕೊಳ್ಳಾಗ ಬರತಿತ್ತು, ಬಿಲ್ಲಿ ಕುಂತ ಜಾಗಾದಾಗ. ಅಲ್ಲಿ ಥಣ್ಣಗ ಆಗತಿತ್ತು, ಬ್ಯಾಸಗಿ ಬಿಸಲಾಗೂ.

ನನಗೂ ಸಿಟ್ಟ ಬಂತು. ಆದ್ರ ಸಿಟ್ಟಿನ್ಯಾಗ ಮಾಡಿದ್ದು ಹುಚ್ಚುತನ. ಶ್ರಾವಣದಾಗ, "ಐದು ದಿನ ಉಪವಾಸ ಹಿಡದೇನ್ರಿ, ಬರೇ ನೀರು" ಅಂತ ಅತ್ತಿಗೆ ಹೇಳಿದೆ. ದೇವರ ಹೆಸರು ಹೇಳಿದ್ರ ಆಕಿ ಏನೂ ಅನ್ನೂ ಹಂಗಿರಲಿಲ್ಲ. ಒಂದ ಸಲಕ್ಕ ಒಣಗಿಸಿಬಿಡೂಣು ಈ ಮೈಯ್ಯನ್ನ ಅಂತ ನನ್ನ ಲೆಕ್ಕ. ಮೂರು ದಿನ ಕಳದೆ. ಕಣ್ಣಿಗೆ ಕತ್ತಲಿ ಬರತಿತ್ತು, ಆದ್ರ ಒಳಗ ಭಾಳ ಹುರುಪು. ನಾಕನೇ ದಿನ ಮಧ್ಯಾಹ್ನ, ಅಂಗಳದಾಗ ಕಾಳು ಹಸನ ಮಾಡಾಕತ್ತಿದ್ದೆ. ಕೈಯಾಗ ಕೇರೂ ಮರಾ ಇತ್ತು, ಅಷ್ಟು ನೆನಪೈತಿ.

ಅದರ ಮ್ಯಾಲಿಂದು ಗೊತ್ತಿಲ್ಲ. ತಿಳವಳಿಕಿ ಬಂದಾಗ ಹಿಟ್ಟಿನ ಕೋಣ್ಯಾಗ ಕುಂತಿದ್ದೆ. ಗಡಿಗಿ ಅರ್ಧಾ ಬರಿದಾಗಿತ್ತು. ಬಾಯಿತುಂಬ ಒಣಾ ಜ್ವಾಳದ ಹಿಟ್ಟು, ಮೂಗಿನ್ಯಾಗ ಹಿಟ್ಟು, ಉಸರಾಡಾಕ ಆಗವಲ್ದು. ಕೆಮ್ಮಿ ಕೆಮ್ಮಿ ಉಗಳಿದೆ. ನೆಲದ ಮ್ಯಾಲ ಹಿಟ್ಟು ಚೆಲ್ಲಿತ್ತು, ಅದರಾಗ ಹೆಜ್ಜಿ ಮೂಡಿದ್ದವು. ಬಾಗಲದಿಂದ ಗಡಿಗಿ ತನಕಾ ಒಬ್ಬರು ನಡದು ಬಂದ ಹೆಜ್ಜಿ. ಸಣ್ಣವು. ಎದ್ದು ನನ್ನ ಕಾಲ ಅದರ ಮ್ಯಾಲ ಇಟ್ಟು ನೋಡಿದೆ. ನಂದು ನಾಕೂ ಕಡೆ ಹೊರಗ ಉಳೀತು.

ಅತ್ತಿ ಬಾಗಲದಾಗ ನಿಂತಿದ್ಳು. ಯಾವಾಗ ಬಂದಿದ್ಳೋ. ಕಣ್ಣಾಗ ನೀರು, ಮುಖದ ಮ್ಯಾಲ ನಗಿ. "ನೀ ಉಪವಾಸ ಹಿಡೀಬಹುದು. ಆಕಿ ಹ್ಯಾಂಗ ಹಿಡದಾಳ?" ಅಂದ್ಳು. ಹೆಜ್ಜಿ ಎಲ್ಲಾ ಸೆರಗಿಲೆ ಒರಸಿ ಹಾಕಿದ್ಳು.

ಎರಡು ವರ್ಷಾದ್ರೂ ಕೂಸಿನ ಸುದ್ದಿ ಇಲ್ಲ ಅಂತ ಅದ ತಿಂಗಳು ಅತ್ತಿನ ಸೂಲಗಿತ್ತಿ ತಾಯವ್ವನ ಕರಸಿದ್ಳು. ತಾಯವ್ವ ಅಂದ್ರ ಊರಾಗ ಅರ್ಧಾ ಮಂದಿನ್ನ ತನ್ನ ಕೈಲೆ ಹೊರಗ ತಗದಾಕಿ. ಬಾಯಿ ಭಾಳ ಬಿರುಸು. ಅತ್ತಿನ್ನ ಹೊರಗ ಕಳಿಸಿ ನನ್ನ ಹೊಟ್ಟಿ ಒತ್ತಿ ನೋಡಿದ್ಳು, ಕಣ್ಣಿನ ರೆಪ್ಪಿ ಎತ್ತಿ ನೋಡಿದ್ಳು. "ಇಲ್ಲಿ ಜಡ್ಡ ಇಲ್ಲ. ಅಂಥಾದ್ದೇನ ತಿಂತಿಯ ನೀ?" ಅಂದ್ಳು. ಆಕಿ ಕೇಳಿದ ರೀತಿಗೆ ನನಗ ಅಳು ಬಂತು. ಎರಡು ವರ್ಷದಾಗ ನನ್ನ ಏನಾದ್ರೂ ಕೇಳಿದಾಕಿ ಆಕಿ ಒಬ್ಬಾಕಿನ. ಬಿಲ್ಲಿ, ಎರಡು ಪಾಲು, ಹಿಟ್ಟಿನ್ಯಾಗಿನ ಹೆಜ್ಜಿ, ಎಲ್ಲಾ ಹೇಳಿಬಿಟ್ಟೆ. ನಕ್ಕಾಳು ಅಂತ ಮಾಡಿದ್ದೆ. ನಗಲಿಲ್ಲ.

"ಮತ್ತ ಉಪವಾಸ ಅಂತ ಕುಂತಿ ಅಂದ್ರ ಕಪಾಳಕ್ಕ ಕೊಡ್ತೀನಿ" ಅಂದ್ಳು. "ಮನಿ ಖಾಲಿ ಬಿಟ್ರ ಯಾರರ ಬಂದು ಹೊಗತಾರ. ಮೂರೂ ಹೊತ್ತು ಉಣ್ಣು. ನಿನಗ ಬೇಕಾದಷ್ಟು, ಒಂದು ರೊಟ್ಟಿ, ಕಾಳಪಲ್ಲೆ, ಏನರ ಹಸೀದು, ಮಜ್ಜಿಗಿ. ಒಂದು ತುತ್ತು ಪೂರಾ ನುಂಗಿದ ಮ್ಯಾಲ ಇನ್ನೊಂದು ಮುರಿ. ಹೊಲಕ್ಕ ಬುತ್ತಿ ಒಯ್ಯೂ ಕೆಲಸಾ ನೀನ ತಗೋ, ನಡಕೋತ ಹೋಗು, ಅಲ್ಲೆ ಕಸಾ ತಗಿಯೂ ಹೆಣಮಕ್ಕಳ ಕೂಡ ಕುಂತು ಉಣ್ಣು. ನಕ್ಕರ ನೀನೂ ನಗು. ಮತ್ತ ದಿನಾ ಸ್ವಾಂಟಾ ಹಿಡದು ನೋಡ್ಕೋತ ಕುಂಡ್ರಬ್ಯಾಡ. ಎರಡು ವರ್ಷ ಏರಿದ್ದು ಎರಡು ವಾರದಾಗ ಇಳಿಯೂದಿಲ್ಲ." ಎದ್ದು ಹೋಗೂ ಮುಂದ ತಿರಿಗಿ ನಿಂತ್ಳು. "ಹಸಿವು ಆದಾಗ ಹೊಟ್ಟಿ ಮ್ಯಾಲ ಕೈ ಇಟ್ಟು ಕೇಳು, ಇದು ನಂದೇನು ಅಂತ. ನಿಂದಿದ್ರ ಉಣ್ಣು. ನಿಂದಲ್ಲದ್ದಕ್ಕ ನೀ ಯಾಕ ದುಡೀತಿ?"

ಬುತ್ತಿ ನಾ ಹೊತ್ತೆ. ಊರಿಂದ ನಮ್ಮ ಹೊಲಕ್ಕ ಒಂದು ಹರದಾರಿಗಿಂತ ಚೂರು ಕಡಿಮಿ. ಮೊದಲ ವಾರ ದಾರ್ಯಾಗ ದಣದು ಆರು ಕಡೆ ಕುಂತೆ. ತಿಂಗಳ ಮ್ಯಾಲ ಎರಡು ಕಡೆ. ಕಸಾ ತಗಿಯೂ ಹೆಣಮಕ್ಕಳು ಮೊದಲ ಕಿಸಿಕಿಸಿ ಅಂದ್ರು, ಆಮ್ಯಾಲ ತಮ್ಮ ಉಪ್ಪಿನಕಾಯಿ ಕೊಟ್ರು, ನನ್ನ ಶೇಂಗಾ ಚಟ್ನಿ ಇಸಗೊಂಡ್ರು. ಅವರ ಕೂಡ ಕುಂತಾಗ ಕೊಳ್ಳಾಗಿನ ಥಂಡಿ ಬರತಿರಲಿಲ್ಲ. ರಾತ್ರಿ ನಿದ್ದಿ ಹತ್ತಾಕ ಸುರುವಾತು. ನನ್ನ ಖರೇ ಹಸಿವು ಹೆಂಗಿರತೈತಿ ಅನ್ನೂದು ಹೊಲದಾಗ ಒಂದು ಮಧ್ಯಾಹ್ನ ತಿಳೀತು. ನಾಭಿ ಹತ್ರ ಸಣ್ಣಗ ಹಿಂಡಿತು. ಎರಡು ವರ್ಷಾಗಿತ್ತು ಅದನ್ನ ನೋಡಿ. ಖುಷಿಗೆ ಕಣ್ಣಾಗ ನೀರು ಬಂತು ನನಗ.

ಆದ್ರ ಮುಂಜಾನಿ ಮತ್ತ ಸಂಜಿಗೆ ಮನ್ಯಾಗ ಅದ ಎರಡು ಪಾಲು, ಅದ ಅತ್ತಿ, ಅದ ಕಣ್ಣು. ಒಂದು ಸಂಜಿ ಆಕಿ ದೀಪಕ್ಕ ಎಣ್ಣಿ ಹಾಕಾಕ ಎದ್ದಾಗ ಪಾರವ್ವನ ರೊಟ್ಟಿ ಉಡ್ಯಾಗ ಮುಚ್ಚಿಕೊಂಡು ಹಿತ್ತಲಕ್ಕ ಹೋದೆ. ಎಮ್ಮಿ ಮುಂದ ಹಿಡದೆ. ಎಮ್ಮಿ ಮೂಸಿ ನೋಡಿ ಹಿಂದ ಸರೀತು, ಹಗ್ಗಾ ಜಗ್ಗಿತು. ನಾಯಿ ಮುಂದ ಒಗದೆ. ಅದು ಬಾಲಾ ಒಳಗ ಮಾಡಿ ಗ್ವಾಡಿ ಹಾರಿ ಹೋತು. ದಿನಾ ನನ್ನ ಕೈಯಾಗಿಂದು ಕಸಕೊಂಡು ತಿನ್ನೂ ನಾಯಿ. ಕಡೀಕ ತಿಪ್ಪ್ಯಾಗ ಕೈಲೆ ಕೆದರಿ ಹುಗದೆ. ಪ್ರಸಾದ ತಿಪ್ಪಿಗೆ ಹಾಕಿದ ಪಾಪ ನನಗ ಗೊತ್ತಿಲ್ಲೇನು, ಗೊತ್ತಿದ್ದೂ ಹುಗದೆ.

ಮರುದಿನ ಮುಂಜಾನಿ ಅತ್ತಿ ಒಲಿ ಮುಂದ ಕುಂತಿದ್ಳು, ಒಲಿ ಹಚ್ಚಿರಲಿಲ್ಲ. "ನಿನ್ನಿ ಆಕಿ ಉಂಡಿಲ್ಲ" ಅಂದ್ಳು. "ಕನಸಿನ್ಯಾಗ ಬಂದಿದ್ಳು. ಬಾಯಿ ತೆಗದು ತೋರಿಸಿದ್ಳು. ಬಾಯಿತುಂಬ ಸೆಗಣಿ, ಗೊಬ್ಬರಾ." ಹೇಳಿ ನನ್ನ ಉಗರಾ ನೋಡಿದ್ಳು. ತೊಳದಿದ್ದೆ, ಆದ್ರ ಉಗರಿನ ಸಂದ್ಯಾಗ ತಿಪ್ಪಿ ಕಪ್ಪ ಇನ್ನೂ ಇತ್ತು.

ಅವತ್ತು ನಾ ಮನಸ್ಸಿನ್ಯಾಗ ಗಟ್ಟಿ ಮಾಡಿದೆ. ಹಿಂಗ ಕದ್ದು ಮುಚ್ಚಿ ನಡಿಯೂದಿಲ್ಲ. ಈ ಮನ್ಯಾಗ ನನ್ನ ಮಾತಿಗೆ ಕಿಮ್ಮತ್ತಿಲ್ಲ, ಪಾರವ್ವನ ಮಾತಿಗೆ ಐತಿ. ಪಾರವ್ವನ ಬಾಯಿಲೆ "ಸಾಕು" ಅನಸಬೇಕು. ಪಾರವ್ವ ಅನ್ನೂದಿಲ್ಲ ಅಂದ್ರ ಆಕಿ ಹೆಸರಿಲೆ ನಾ ಅನ್ನಬೇಕು. ಸುಳ್ಳ ಹೇಳೂದು ಅಂತನ ಕುಂತೆ, ದೇವರು ಬಂದವರಂಗ ನಾಟಕಾ ಮಾಡೂದು ಅಂತ. ಪಾರವ್ವ ಸಾಕಿದ ಮಗಳು, ಅತ್ತಿಗೆ "ನೀ" ಅಂತಿದ್ಳು, ಅದು ನನಗ ಗೊತ್ತಿತ್ತು. ಕಡೀ ಮಾತೂ ಗೊತ್ತಿತ್ತು. ರೊಟ್ಟಿ ಬೇಡಿದ್ದು, ನಾಳಿ ಕೊಡ್ತೀನಿ ತಡಿ ಅಂದದ್ದು, ಸಾವಿರ ಸಲಾ ಕೇಳಿದ್ದೆ.

ಸೋಮವಾರ ಇತ್ತು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗಾ ಇಡೂದಿಲ್ಲ, ಹಿಂಗಾಗಿ ನಮ್ಮವ್ರೂ ಮನ್ಯಾಗ ಇದ್ರು. ಮಟಮಟ ಮಧ್ಯಾಹ್ನ, ಮೂವರೂ ಕುಂತಿದ್ವಿ. ಅತ್ತಿ ಎರಡು ಪಾಲು ಹಾಕಿದ್ಳು. ನನ್ನ ಪಾಲಿಂದು ಒಂದು ರೊಟ್ಟಿ ಉಂಡೆ, ಇನ್ನೊಂದು ಎತ್ತಿ ಬುಟ್ಟಿಗೆ ಇಟ್ಟೆ. ಆಮ್ಯಾಲ ಪಾರವ್ವನ ಪಾಲನ್ನ ಅತ್ತಿ ಮುಂದ ಸರಿಸಿದೆ. ಕಣ್ಣು ಅರ್ಧಾ ಮುಚ್ಚಿ, ದನಿ ಸಣ್ಣ ಮಾಡಿ ಅಂದೆ, "ಅತ್ತಿ, ನನಗ ಸಾಕು. ಇನ್ನ ನೀ ಉಣ್ಣು."

ಅತ್ತಿ ಕೈ ನಿಂತಿತು. ನನ್ನ ಮುಖಾ ನೋಡಿದ್ಳು. ಆಕಿ ಶಾಣ್ಯಾಕಿ, ಸುಮ್ಮನ ನಂಬೂ ಹೆಂಗಸಲ್ಲ. "ನೀ ಪಾರವ್ವನ ಆಗಿದ್ರ ಹೇಳು. ಕಡೀಕ ರೊಟ್ಟಿ ಬೇಡಿದಾಗ ನಾ ನಿನಗ ಏನಂದೆ?"

ಸುಲಭದ ಪ್ರಶ್ನಿ. "ನಾಳಿ ಕೊಡ್ತೀನಿ ಅಂದಿ" ಅನ್ನಾಕ ಬಾಯಿ ತೆಗದೆ. ಕೊಳ್ಳಿಗೆ ಥಂಡಿ ಹಿಡೀತು. ಬಾಯಿಲೆ ಬಂದದ್ದು ಬ್ಯಾರೆ.

"ನೀ ಏನೂ ಅನ್ನಲಿಲ್ಲ. ನೀ ಒಳಗ ಬರಲಿಲ್ಲ. ಗುಡಸಲದ ತಟ್ಟಿ ಬಾಗಲಾ ಮುಂದ ಮಾಡಿ ಹೊರಗಿಂದ ಹಗ್ಗಾ ಬಿಗದಿ. ಮೂರು ಗಂಟು ಹಾಕಿದಿ. ನಾ ಒಳಗ ಎಣಿಸಿದೆ. ಎರಡು ದಿನಾ ಕೂಗಿದೆ ಅತ್ತಿ. ನಿನ್ನ ಕಾಲಿನ ಸಪ್ಪಳಾ ಹತ್ರ ಬರತಿತ್ತು, ಹೊಳ್ಳಿ ಹೋಗತಿತ್ತು."

ನನ್ನ ದನಿ ನನಗ ಕೇಳಸತಿತ್ತು. ಅದು ನಾಟಕದ ದನಿ ಅಲ್ಲ, ನನ್ನ ದನಿನೂ ಅಲ್ಲ. ನಿಡಸೋಸಿಯಾಗ ಹುಟ್ಟಿದಾಕಿಗೆ ಆ ಹಗ್ಗದ ಗಂಟು ಎಲ್ಲಿಂದ ಗೊತ್ತಾಗಬೇಕು? ಇವತ್ತಿಗೂ ನನಗ ತಿಳದಿಲ್ಲ.

ನಮ್ಮವ್ರ ಕೈಯಾಗಿನ ತುತ್ತು ಗಂಗಾಳಕ್ಕ ಬಿತ್ತು. "ಅವ್ವಾ, ಏನಿದು? ನೀ ಹಗಲೂ ರಾತ್ರಿ ಆಕಿ ಹತ್ರ ಕುಂತಿದ್ದೆ ಅಂದಿದ್ದಿಯಲ್ಲ. ನನ್ನ ಆ ಕಡೆ ಬರಾಕ ಬಿಡಲಿಲ್ಲ ನೀ" ಅಂದ್ರು.

ಅತ್ತಿ ಮಗನ ಕಡೆ ನೋಡಲಿಲ್ಲ. ನನ್ನ ಕಡೆನೂ ಅಲ್ಲ, ಬಿಲ್ಲಿ ಕಡೆ ನೋಡ್ಕೋತ ಅಂದ್ಳು, "ಅಂಜಿದ್ನೆವ್ವಾ. ನಮ್ಮ ಓಣಿ ಮಂದ್ಯಾಗ ಹನ್ನೆರಡು ಹೆಣಾ ಬಿದ್ದಿದ್ದವು. ಇರೂದು ಒಬ್ಬಾವ ಮಗ. ತಟ್ಟಿ ತೆಗದ್ರ ಅವ ಒಳಗ ಬರತಾನ, ಅವಗೂ ಹತ್ತತೈತಿ ಅಂತ ಅಂಜಿದೆ. ರೊಟ್ಟಿ ಮಾಡ್ಕೊಂಡ ಬರತಿದ್ದೆ. ಹಗ್ಗಾ ಬಿಚ್ಚಾಕ ಕೈ ಏಳಲಿಲ್ಲ. ಆ ರೊಟ್ಟಿ ನಾನ ತಿಂದೆ, ಹೊರಗ ಕುಂತು. ನೀ ಕೂಗಾಕತ್ತಿದ್ದಿ, ನಾ ತಿನ್ನಾಕತ್ತಿದ್ದೆ."

ಅಷ್ಟು ವರ್ಷ ಆ ಹೆಂಗಸು ಇದನ್ನ ಹೊತ್ಕೊಂಡು ಓಡಾಡಿದ್ಳು. ಹೊತ್ತು ಹೊತ್ತು ಸಾಕಾಗಿ ನನ್ನ ಹೊಟ್ಟಿಗೆ ತುಂಬಾಕತ್ತಿದ್ಳು. ಕನಿಕರಾ ಬಂತು ನನಗ. ಸಿಟ್ಟೂ ಬಂತು, ಅದನ್ನೂ ಹೇಳ್ತೀನಿ. ನನ್ನ ಎರಡು ವರ್ಷ ಯಾರು ಕೊಡೂರು?

ಅತ್ತಿ ಎರಡೂ ಕೈ ನೆಲಕ್ಕ ಊರಿ ಮುಂದ ಬಾಗಿದ್ಳು. "ಒಂದ ಮಾತು ಹೇಳಿಬಿಡವ್ವಾ. ನನ್ನ ಮ್ಯಾಲ ಸಿಟ್ಟೈತೇನು?"

ನಾ ದಾರಿ ಕಾದೆ. ಮೊದಲಿನಂಗ ತಾನ ಬರತೈತಿ ಅಂತ ಬಾಯಿ ಚೂರು ತೆಗದ ಕುಂತೆ. ಏನೂ ಬರಲಿಲ್ಲ. ಕೊಳ್ಳಾಗ ಥಂಡಿ ಇರಲಿಲ್ಲ. ಬಿಲ್ಲಿ ಮುಟ್ಟಿ ನೋಡಿದೆ, ನನ್ನ ಮೈಯಷ್ಟ ಬೆಚ್ಚಗಿತ್ತು. ಹೇಳೂದು ಹೇಳಿ ಆಕಿ ಹೋಗಿಬಿಟ್ಟಿದ್ಳು. ಇದೊಂದಕ್ಕ ಉತ್ತರಾ ಕೊಡದ ಹೋಗಿದ್ಳು.

ಅತ್ತಿ ಕಾಯಾಕತ್ತಿದ್ಳು. ನಮ್ಮವ್ರೂ ಕಾಯಾಕತ್ತಿದ್ರು. "ಐತಿ" ಅಂತ ಒಂದ ಮಾತು ಅಂದಿದ್ರ ಸಾಕಿತ್ತು, ಆ ಮುದಿಕಿ ಅವತ್ತ ಸಾಯ್ತಿದ್ಳು. ಅನ್ನೂ ಮನಸ್ಸೂ ಒಂದು ಗಳಿಗಿ ಬಂದಿತ್ತು.

"ಇಲ್ಲ ಅತ್ತಿ, ಸಿಟ್ಟಿಲ್ಲ" ಅಂದೆ. "ಉಣ್ಣು."

ಅತ್ತಿ ಗಂಗಾಳಾ ಎಳಕೊಂಡ್ಳು. ಪಾರವ್ವನ ಪಾಲಿನ ಎರಡೂ ರೊಟ್ಟಿ ಒಂದೊಂದ ತುತ್ತು ಮುರದು, ಅಳಕೋತ, ಪೂರಾ ಉಂಡ್ಳು. ನೀರು ಹಾಕಿ ತೊಳದು ಕುಡದ್ಳು. ಅವತ್ತಿಂದ ನನಗ ಒಂದ ಪಾಲು. ಮೈ ಇಳಿಯಾಕ ಮುಂದ ವರ್ಷದ ಮ್ಯಾಲ ಹತ್ತಿತು, ತಾಯವ್ವ ಹೇಳಿದಂಗ ಸಾವಕಾಶ. ಮನಸ್ಸು ಅದಕ್ಕಿಂತ ಮೊದಲ ಹಗರಾತು. ನಮ್ಮವ್ರು ಅವ್ವನ ಕೂಡ ಮೂರು ತಿಂಗಳು ಮಾತಾಡಲಿಲ್ಲ, ಆಮ್ಯಾಲ "ಪಾರವ್ವ ತಾನ ಸಿಟ್ಟ ಬಿಟ್ಟಾಳ, ಇನ್ನ ನಂದೇನೈತಿ" ಅಂತ ಮಾತಾಡಿದ್ರು.

ಅತ್ತಿ ಇನ್ನೂ ಹನ್ನೊಂದು ವರ್ಷ ಬದಕಿದ್ಳು. ಓಣ್ಯಾಗ ಯಾರ ಸಿಕ್ರೂ, "ನಮ್ಮ ಪಾರಿಗೆ ನನ್ನ ಮ್ಯಾಲ ಸಿಟ್ಟಿಲ್ಲ, ತಾನ ಬಂದು ಹೇಳಿದ್ಳು" ಅಂತಿದ್ಳು. ನೆಮ್ಮದಿಯಿಂದ ಸತ್ಳು. ಪಾರವ್ವಗ ಸಿಟ್ಟಿತ್ತೋ ಇಲ್ಲೋ ನನಗ ಗೊತ್ತಿಲ್ಲ. ಆ ಮಾತು ನಂದು.